ಸೂಜಿ ತಿರುಗಿಸುವ ಮೊದಲು ಪೊರೆ ನೋಡಿ

ಮಾದರಿ ವಿಮಾನದ ಪೆಟ್ರೋಲ್ ಎಂಜಿನ್ ಕೆಮ್ಮತೊಡಗಿದರೆ ಸಾಕು, ಸ್ಕ್ರೂಡ್ರೈವರ್ ಹಿಡಿದು ಮುಂದೆ ಬರುವವರಿಗೆ ಮೈದಾನದಲ್ಲಿ ಬರವಿಲ್ಲ. ಒಬ್ಬರು ಪೆಟ್ರೋಲಿನ ಹರಿವು ಹೊಂದಿಸುವ ಸೂಜಿಯನ್ನು, ಅಂದರೆ ನೀಡಲನ್ನು, ಕಾಲು ಸುತ್ತು ಬಿಚ್ಚುತ್ತಾರೆ, ಇನ್ನೊಬ್ಬರು ಅರ್ಧ ಸುತ್ತು ಬಿಗಿಯುತ್ತಾರೆ. ಅಕಸ್ಮಾತ್ ಸರಿಹೋದರೆ ಕೊನೆಗೆ ಮುಟ್ಟಿದವರ ಕೈಗುಣ ಚೆನ್ನಾಗಿದೆ ಎಂದಾಗುತ್ತದೆ. ಹೋಗದಿದ್ದರೆ ಎಂಜಿನ್ನಿಗೆ ಇವತ್ತು ಮೂಡ್ ಇಲ್ಲ ಎಂದಾಗುತ್ತದೆ. ಓದಿದವರ ನಡುವೆಯೇ ಇಂಥ ನಂಬಿಕೆ ಬೆಳೆಯುವುದು ಬೇಸರದ ಸಂಗತಿ. ಯಾಕೆಂದರೆ ಈ ಎಂಜಿನ್ನಿನ ಕಾರ್ಬ್ಯುರೇಟರಿನೊಳಗೆ ಕೂತಿರುವ ಎರಡು ತೆಳು ಪೊರೆಗಳಷ್ಟು ಸೊಗಸಾದ ಯಂತ್ರ ಅಪರೂಪ. ಅವುಗಳ ಕೆಲಸ ಒಮ್ಮೆ ಮನಸ್ಸಿಗೆ ಇಳಿದರೆ ಎಂಜಿನ್ನಿನ ಮುಕ್ಕಾಲು ಪಾಲು ವರ್ತನೆ ತಾನಾಗಿ ಅರ್ಥವಾಗುತ್ತದೆ.

ಪೆಟ್ರೋಲಿಗೂ ಮಾದರಿ ವಿಮಾನಕ್ಕೂ ನಂಟು ಹಳೆಯದು. ರೈಟ್ ಸೋದರರು ಹಾರುವುದಕ್ಕೆ ಎರಡೂವರೆ ವರ್ಷ ಮೊದಲೇ, 1901ರ ಜೂನ್ 18ರಂದು, ಅಮೆರಿಕದ ವಿಜ್ಞಾನಿ ಸ್ಯಾಮ್ಯುಯೆಲ್ ಲ್ಯಾಂಗ್ಲಿಯವರ ಕಾಲು ಅಳತೆಯ ವಿಮಾನವೊಂದು ಪೈಲಟ್ ಇಲ್ಲದೆ ಪೆಟ್ರೋಲ್ ಎಂಜಿನ್ನಿನಿಂದ ಹಾರಿತ್ತು. 1930ರ ದಶಕದಲ್ಲಿ ಅಮೆರಿಕದ ಬಿಲ್ ಬ್ರೌನ್ ರೂಪಿಸಿದ ಸುಮಾರು 10 ಸಿಸಿಯ ‘ಬ್ರೌನ್ ಜೂನಿಯರ್’ ಎಂಜಿನ್ ಹವ್ಯಾಸಿಗಳ ಕೈಗೆ ಬಂತು. ಆದರೆ ಕಿಡಿ ಹಾರಿಸಲು ಬ್ಯಾಟರಿ, ಕಾಯಿಲ್, ಕಂಡೆನ್ಸರ್ ಎಲ್ಲವನ್ನೂ ವಿಮಾನ ಹೊರಬೇಕಿತ್ತು. 1947ರಲ್ಲಿ ರೇ ಆರ್ಡನ್ ಗ್ಲೋ ಪ್ಲಗ್ಗನ್ನು ಮಾರಾಟಕ್ಕೆ ತಂದಮೇಲೆ ಆ ಭಾರವೆಲ್ಲ ಇಳಿಯಿತು. ಪ್ಲಾಟಿನಂ ತಂತಿ ಉರಿಯುವ ಅನಿಲ ಮತ್ತು ಗಾಳಿಯ ಮಿಶ್ರಣದಲ್ಲಿ ಜ್ವಾಲೆಯಿಲ್ಲದೆ ಕೆಂಪಗೆ ಕಾಯ್ದೇ ಇರುತ್ತದೆಂದು ಹಂಫ್ರಿ ಡೇವಿ 1817ರಲ್ಲೇ ಕಂಡಿದ್ದರು. ಮೆಥನಾಲ್ ಆವಿಯಲ್ಲಿ ಗ್ಲೋ ಪ್ಲಗ್ ಮಾಡುವುದು ಅದನ್ನೇ. ಹೀಗೆ ಮೆಥನಾಲ್ ಬಂದು ಪೆಟ್ರೋಲ್ ಬದಿಗೆ ಸರಿಯಿತು. ಅದು ಮರಳಿ ಬಂದದ್ದು ಮರ ಕೊಯ್ಯುವ, ಹುಲ್ಲು ಕತ್ತರಿಸುವ ಯಂತ್ರಗಳ ಎಂಜಿನ್ನಿನ ರೂಪದಲ್ಲಿ, ಆ ಯಂತ್ರಗಳ ಕಾರ್ಬ್ಯುರೇಟರಿನ ಸಮೇತ. ಗ್ಲೋ ಕಾಲದ ಅಭ್ಯಾಸಗಳು ಮಾತ್ರ ಹವ್ಯಾಸಿಗಳ ಕೈಯಲ್ಲಿ ಉಳಿದುಬಿಟ್ಟವು. ಇವತ್ತಿನ ಅರ್ಧ ತಪ್ಪುಗಳ ಮೂಲ ಅಲ್ಲಿದೆ.

ಹಳೆಯ ಸ್ಕೂಟರಿನ ಕಾರ್ಬ್ಯುರೇಟರಿನಲ್ಲಿ ತೇಲುವ ಫ್ಲೋಟ್ ಇರುತ್ತದೆ. ಅದನ್ನು ತಲೆಕೆಳಗು ಮಾಡಿದರೆ ಕೆಲಸ ಮುಗಿಯಿತು. ಮರದ ಮೇಲೆ ಅಡ್ಡಡ್ಡ ಹಿಡಿಯುವ ಗರಗಸಕ್ಕೂ, ಲೂಪ್ ಹೊಡೆಯುವ ವಿಮಾನಕ್ಕೂ ಅದು ಒಗ್ಗದು. ಹಾಗಾಗಿ ಫ್ಲೋಟ್ ಹೋಗಿ ಪೊರೆ ಬಂತು. ಟೂ ಸ್ಟ್ರೋಕ್ ಎಂಜಿನ್ನಿನ ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಇಳಿಯುತ್ತದೆ, ಪಿಸ್ಟನ್ ಇಳಿಯುವಾಗ ಏರುತ್ತದೆ. ಈ ಏರಿಳಿತವನ್ನು ಸೂಜಿಮೊನೆಯಂಥ ಒಂದು ರಂಧ್ರ ಪಂಪ್ ಪೊರೆಯ ಬೆನ್ನಿಗೆ ಮುಟ್ಟಿಸುತ್ತದೆ. ಪೊರೆ ಕುಲುಮೆಯ ತಿದಿಯ ಹಾಗೆ ಹಿಂದೆ ಮುಂದೆ ಉಬ್ಬುತ್ತದೆ. ಅದೇ ಹಾಳೆಯಲ್ಲಿ ಕತ್ತರಿಸಿದ ಎರಡು ಪುಟ್ಟ ನಾಲಗೆಗಳು ಕವಾಟಗಳಾಗಿ ಪೆಟ್ರೋಲನ್ನು ಒಂದೇ ದಿಕ್ಕಿಗೆ ಬಿಡುತ್ತವೆ. 7,000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 117 ಸಲ ಹೀಗೆ ನಡೆಯುತ್ತದೆ. ಬೇರೆ ಪಂಪ್ ಬೇಡ, ಸೈಲೆನ್ಸರಿನಿಂದ ಟ್ಯಾಂಕಿಗೆ ಒತ್ತಡದ ಪೈಪೂ ಬೇಡ. ಗ್ಲೋ ಎಂಜಿನ್ನಿನ ರೂಢಿಯಂತೆ ಆ ಪೈಪ್ ಹಾಕಿದರೆ ಮಿಶ್ರಣದ ಲೆಕ್ಕ ತಪ್ಪುವುದೇ ಬಂತು. ಟ್ಯಾಂಕಿಗೆ ಹೊರಗಾಳಿಗೆ ತೆರೆದ ಒಂದು ವೆಂಟ್ ಇದ್ದರೆ ಸಾಕು.

ಪಂಪ್ ತಂದ ಪೆಟ್ರೋಲ್ ತೆಳುವಾದ ಜಾಲರಿಯೊಂದನ್ನು ದಾಟಿ ಎರಡನೇ ಪೊರೆಯ ಕೋಣೆಗೆ ಬರುತ್ತದೆ. ಈ ಪೊರೆಯ ಒಂದು ಮುಖಕ್ಕೆ ಪೆಟ್ರೋಲ್, ಇನ್ನೊಂದು ಮುಖಕ್ಕೆ ಮುಚ್ಚಳದ ಪುಟ್ಟ ತೂತಿನ ಮೂಲಕ ಹೊರಗಾಳಿ. ಎಂಜಿನ್ ಪೆಟ್ರೋಲ್ ಹೀರಿದಷ್ಟೂ ಕೋಣೆಯ ಒತ್ತಡ ಇಳಿಯುತ್ತದೆ, ಹೊರಗಾಳಿ ಪೊರೆಯನ್ನು ಒಳಕ್ಕೆ ತಳ್ಳುತ್ತದೆ, ಪೊರೆ ಒಂದು ಸನ್ನೆಯನ್ನು ಒತ್ತುತ್ತದೆ, ಸನ್ನೆ ಒಳಹರಿವಿನ ಕವಾಟವನ್ನು ತೆರೆಯುತ್ತದೆ. ಕೋಣೆ ತುಂಬಿದ ತಕ್ಷಣ ಸ್ಪ್ರಿಂಗ್ ಮುಚ್ಚುತ್ತದೆ. ಬೇಕಾದಷ್ಟೇ ಬರುವುದು, ಹೆಚ್ಚಿಲ್ಲ ಕಡಿಮೆಯಿಲ್ಲ. ನಾವು ತಿರುಗಿಸುವ ಎಲ್ (ಕಡಿಮೆ ವೇಗದ) ಮತ್ತು ಎಚ್ (ಹೆಚ್ಚು ವೇಗದ) ನೀಡಲ್‌ಗಳ ಸರದಿ ಇದಾದ ಮೇಲೆ. ಪೊರೆ ಗಟ್ಟಿಯಾಗಿದ್ದರೆ, ಜಾಲರಿಯಲ್ಲಿ ಕಸ ಕೂತಿದ್ದರೆ, ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್ ತಿರುವಾಗಿ ಕೂತು ಒತ್ತಡದ ರಂಧ್ರ ಮುಚ್ಚಿದ್ದರೆ ನೀಡಲನ್ನು ದಿನವಿಡೀ ತಿರುಗಿಸಿದರೂ ಪ್ರಯೋಜನವಿಲ್ಲ.

ಟ್ಯಾಂಕ್ ಜೋಡಣೆಯಲ್ಲಿ ಆಗುವ ದೊಡ್ಡ ತಪ್ಪು ಸಿಲಿಕೋನ್ ಪೈಪ್. ಗ್ಲೋ ಇಂಧನಕ್ಕೆ ಅದು ಸರಿ, ಪೆಟ್ರೋಲಿನಲ್ಲಿ ಊದಿಕೊಂಡು ಹಾಳಾಗುತ್ತದೆ. ಟೈಗಾನ್ ಅಥವಾ ವೈಟಾನ್ ಪೈಪ್ ಬೇಕು. ಟ್ಯಾಂಕಿನ ಬಿರಡೆಯೂ ಪೆಟ್ರೋಲ್ ತಡೆಯುವಂಥದ್ದೇ ಆಗಿರಬೇಕು. ಹಿತ್ತಾಳೆ ಕೊಳವೆಯ ತುದಿಗೆ ಬೆಸುಗೆಯ ಉಂಗುರ ಮಾಡಿ, ಪೈಪ್ ಏರಿಸಿ, ಮೇಲೆ ಟೈ ಹಾಕಿ. ಇಲ್ಲಿ ಗಾಳಿ ಸೋರಿದರೆ ಪಂಪ್ ಪೆಟ್ರೋಲಿನ ಬದಲು ಗುಳ್ಳೆ ಎಳೆಯುತ್ತದೆ. ಟ್ಯಾಂಕಿನೊಳಗಿನ ಟೈಗಾನ್ ಕಾಲಕ್ರಮೇಣ ಬಿರುಸಾಗುತ್ತದೆ. ಆಗ ಪೆಟ್ರೋಲ್ ಹೀರುವ ಆ ಪೈಪಿನ ತುದಿಯ ತೂಕದ ಗುಂಡು ವಿಮಾನ ಮೂತಿ ಕೆಳಗೆ ಮಾಡಿದಾಗ ಮುಂದಕ್ಕೆ ಹೋಗಿ ಹಿಂದಕ್ಕೆ ಬರುವುದೇ ಇಲ್ಲ.

ಎಣ್ಣೆಯ ಬಗ್ಗೆ ಒಂದು ಗಟ್ಟಿ ಭ್ರಮೆ ಇದೆ: ಹೆಚ್ಚು ಹಾಕಿದಷ್ಟೂ ಎಂಜಿನ್ ಸುರಕ್ಷಿತ, ಮಿಶ್ರಣ ರಿಚ್ (ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚು). ವಾಸ್ತವ ತಿರುಗಾಮುರುಗಾ. ನೀಡಲ್ ಬಿಡುವುದು ಇಷ್ಟು ದ್ರವ ಎಂದು. ಅದರಲ್ಲಿ ಎಣ್ಣೆ ಹೆಚ್ಚಿದರೆ ಪೆಟ್ರೋಲ್ ಕಡಿಮೆ, ಅಂದರೆ ಮಿಶ್ರಣ ಲೀನ್. ತಯಾರಕರು ಹೇಳಿದ ಪ್ರಮಾಣಕ್ಕೆ ನಿಲ್ಲಿ. 5 ಲೀಟರ್ ಪೆಟ್ರೋಲಿಗೆ 30:1 ಎಂದರೆ 167 ಮಿ.ಲೀ., 40:1 ಎಂದರೆ 125 ಮಿ.ಲೀ. ಟೂ ಸ್ಟ್ರೋಕ್ ಎಣ್ಣೆ, ಅಳತೆ ಪಾತ್ರೆಯಲ್ಲೇ. ಇದಕ್ಕಿಂತ ದೊಡ್ಡ ವ್ಯತ್ಯಾಸ ತರುವುದು ಬಂಕಿನ ಇ20, ಅಂದರೆ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಸಾಕು, ಎರಡೂ ಬೆರೆತ ಇ20ಗೆ ಸುಮಾರು 13.5. ಹೀಗಾಗಿ ಶುದ್ಧ ಪೆಟ್ರೋಲಿಗೆ ಹೊಂದಿಸಿದ ನೀಡಲ್ ಇ20ಗೆ ಶೇ 8ರಷ್ಟು ಲೀನ್ ಆಗುತ್ತದೆ, ಸ್ವಲ್ಪ ಬಿಚ್ಚಲೇಬೇಕು. ಎಥನಾಲ್ ನೀರನ್ನೂ ಹೀರುತ್ತದೆ. ಹಾರಾಟ ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ತಿಂಗಳುಗಟ್ಟಲೆ ಇಟ್ಟ ಮಿಶ್ರಣ ಬಳಸಬೇಡಿ. ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ತೆಳು. ಇಲ್ಲಿ ಹದ ಮಾಡಿದ ಎಂಜಿನ್ನನ್ನು ಮಂಗಳೂರಿನ ಕಡಲತೀರಕ್ಕೆ ಒಯ್ದರೆ ಶೇ 4–5ರಷ್ಟು ಲೀನ್ ಓಡುತ್ತದೆ. ಮೂಡಿನ ಕಥೆಗಳು ಹುಟ್ಟುವುದು ಇಂಥಲ್ಲೇ.

ಕಿಡಿಯ ವ್ಯವಸ್ಥೆ ಸರಳ. ಪ್ರೊಪೆಲ್ಲರ್ ಹಬ್ಬಿನ ಆಯಸ್ಕಾಂತ ಸೆನ್ಸರ್ ಮುಂದೆ ಹಾದಾಗ ಸಿಡಿಐ ಪೆಟ್ಟಿಗೆ ಕಿಡಿ ಹಾರಿಸುತ್ತದೆ. ಪ್ಲಗ್ಗಿನ ಗ್ಯಾಪ್ 0.45ರಿಂದ 0.5 ಮಿ.ಮೀ. ಇರಲಿ. ಸಿಡಿಐಗೆ ಪ್ರತ್ಯೇಕ ಬ್ಯಾಟರಿ ಕೊಟ್ಟು ವಿಮಾನದ ರೇಡಿಯೊ ರಿಸೀವರಿನಿಂದ ಕನಿಷ್ಠ 30 ಸೆಂ.ಮೀ. ದೂರ ಇಡಿ. ರೇಡಿಯೊದಿಂದಲೇ ಕಿಡಿ ನಿಲ್ಲಿಸುವ ಕಿಲ್ ಸ್ವಿಚ್ ಕಡ್ಡಾಯ.

ಎಂಜಿನ್ ಸ್ಟಾರ್ಟ್ ಮಾಡುವಾಗ ವಿಮಾನವನ್ನು ಇನ್ನೊಬ್ಬರು ಗಟ್ಟಿಯಾಗಿ ಹಿಡಿದಿರಬೇಕು, ನಿಮ್ಮ ಕೈಗೆ ದಪ್ಪ ಚರ್ಮದ ಗ್ಲೌಸ್ ಇರಬೇಕು. 55 ಸಿಸಿ ಎಂಜಿನ್ನಿಗೆ ಹಾಕುವ 22 ಇಂಚಿನ ಪ್ರೊಪೆಲ್ಲರಿನ ತುದಿ 7,000 ಆರ್‌ಪಿಎಂನಲ್ಲಿ ಗಂಟೆಗೆ 700 ಕಿ.ಮೀ. ಮೀರಿ ಸುತ್ತುತ್ತದೆ, ಅದರ ಪಕ್ಕದ ನೇರದಲ್ಲಿ ಯಾರೂ ನಿಲ್ಲಬಾರದು. ಎರಡೂ ನೀಡಲ್ ಪೂರ್ತಿ ಮುಚ್ಚಿ, ಬಿಗಿಯದೆ, ಒಂದೂವರೆ ಸುತ್ತು ಬಿಚ್ಚಿ. ಸ್ವಿಚ್ ಆಫ್ ಇರುವಾಗಲೇ ಚೋಕ್ ಹಾಕಿ, ಪೈಪಿನಲ್ಲಿ ಪೆಟ್ರೋಲ್ ಕಾರ್ಬ್ಯುರೇಟರ್ ತಲುಪುವವರೆಗೆ ಪ್ರೊಪೆಲ್ಲರ್ ತಿರುಗಿಸಿ. ಸ್ವಿಚ್ ಆನ್ ಮಾಡಿ, ಚೋಕ್ ಹಾಗೇ ಇರಲಿ, ‘ಪಟ್’ ಎಂದು ಒಮ್ಮೆ ಹೊಡೆಯುವವರೆಗೆ ಬೀಸಿ. ಹೊಡೆದ ಕೂಡಲೇ ಚೋಕ್ ತೆಗೆಯಿರಿ. ತೆಗೆಯದೆ ಬೀಸುತ್ತಲೇ ಹೋದರೆ ಪ್ಲಗ್ ಒದ್ದೆಯಾಗುತ್ತದೆ. ಥ್ರಾಟಲನ್ನು ಐಡಲಿಗಿಂತ ತುಸು ಮೇಲಿಟ್ಟು ಮತ್ತೆ ಬೀಸಿದರೆ ನಾಲ್ಕೈದು ಸಲದಲ್ಲಿ ಹಿಡಿಯಬೇಕು.

ಬಿಸಿಯಾದ ಮೇಲಷ್ಟೇ ಹದ ಮಾಡುವುದು, ಅದೂ ಪ್ರೊಪೆಲ್ಲರಿನ ಹಿಂದಿನಿಂದ, ಒಮ್ಮೆಗೆ ಎಂಟನೇ ಒಂದು ಸುತ್ತು. ಪೂರ್ತಿ ಥ್ರಾಟಲಿನಲ್ಲಿ ಎಚ್ ನೀಡಲನ್ನು ಆರ್‌ಪಿಎಂ ಗರಿಷ್ಠ ಮುಟ್ಟುವವರೆಗೆ ಮುಚ್ಚಿ, ಆಮೇಲೆ 200–300 ಆರ್‌ಪಿಎಂ ಇಳಿಯುವಷ್ಟು ಬಿಚ್ಚಿ. ನಂತರ ಐಡಲಿನಿಂದ ಥ್ರಾಟಲನ್ನು ಥಟ್ಟನೆ ಏರಿಸಿ. ಸದ್ದಿಲ್ಲದೆ ಸತ್ತರೆ ಎಲ್ ಲೀನ್, ಗುಡುಗುಡು ಎಂದು ಹೊಗೆ ಉಗುಳುತ್ತಾ ನಿಧಾನ ಏರಿದರೆ ರಿಚ್. ಪೂರ್ತಿ ಥ್ರಾಟಲಿನಲ್ಲೂ ಎಲ್ ದಾರಿಯಿಂದ ಪೆಟ್ರೋಲ್ ಹರಿಯುತ್ತಲೇ ಇರುವುದರಿಂದ ಎಲ್ ಮುಟ್ಟಿದಾಗಲೆಲ್ಲ ಎಚ್ ಮತ್ತೆ ನೋಡಬೇಕು.

ನೆಲದ ಮೇಲೆ ಚೆನ್ನಾಗಿದ್ದದ್ದು ಆಕಾಶದಲ್ಲಿ ಕೆಡುವುದಕ್ಕೆ ಹೆಚ್ಚಾಗಿ ಪೊರೆಯ ಮುಚ್ಚಳದ ಆ ತೂತೇ ಕಾರಣ. ಎಂಜಿನ್ನಿನ ಹೊರಮುಚ್ಚಳವಾದ ಕೌಲಿನೊಳಗೆ ನುಗ್ಗುವ ಗಾಳಿ ತೂತಿನ ಮೇಲೆ ಒತ್ತಿದರೆ ಮಿಶ್ರಣ ರಿಚ್, ಅಲ್ಲಿ ಒತ್ತಡ ಇಳಿದರೆ ಲೀನ್. ತೂತಿನ ಮೇಲೆ ಸಣ್ಣ ಹಿತ್ತಾಳೆ ಕೊಳವೆ ಬೆಸೆದು, ಪೈಪ್ ಸಿಕ್ಕಿಸಿ, ಗಾಳಿ ಅಲುಗದ ವಿಮಾನದ ಒಡಲಿಗೆ ಒಯ್ದರೆ ಸಮಸ್ಯೆ ತೀರುತ್ತದೆ. ಇಷ್ಟಾದರೂ ಏರುವಾಗ ಎಂಜಿನ್ ಬಾಡಿದರೆ ಮೊದಲು ಪೈಪಿನಲ್ಲಿ ಗುಳ್ಳೆ ಇದೆಯೇ ನೋಡಿ, ಆಮೇಲೆ ವೆಂಟ್, ಜಾಲರಿ, ಕೊನೆಗೆ ಪೊರೆಗಳು. ಬೆರಳಲ್ಲಿ ಮಡಚಿದಾಗ ಮೆತ್ತಗೆ ಬಾಗದೆ ಸುಕ್ಕುಗಟ್ಟುವ ಪೊರೆಯನ್ನು ಬದಲಿಸಿ. ಕೂರಿಸುವಾಗ ಕ್ರಮ ತಪ್ಪಬೇಡಿ. ವಾಲ್ಬ್ರೋ ಮಾದರಿಯ ಕಾರ್ಬ್ಯುರೇಟರಿನಲ್ಲಿ ಪಂಪ್ ಬದಿಗೆ ಮೊದಲು ಪೊರೆ, ಮೇಲೆ ಗ್ಯಾಸ್ಕೆಟ್. ಇನ್ನೊಂದು ಬದಿಗೆ ಮೊದಲು ಗ್ಯಾಸ್ಕೆಟ್, ಮೇಲೆ ಪೊರೆ.