ಬೀಜದ ಸೋಂಕು ನಿವಾರಣೆ: ಮೊಳಕೆ ಕಟ್ಟುವ ಮುಂಚಿನ ಕೆಲಸ

‘ಬೀಜೋಪಚಾರ’ ರೈತರಿಗೆ ಗೊತ್ತಿರುವ ಮಾತು. ಬೆಳೆಗೆ ರೋಗ ಬಾರದಿರಲಿ ಅಂತ ಬಿತ್ತುವ ಮುಂಚೆ ಬೀಜಕ್ಕೆ ಔಷಧಿ ಸವರುತ್ತಾರೆ. ‘ಬೀಜದ ಸೋಂಕು ನಿವಾರಣೆ’ ಅದಲ್ಲ. ಇದು ತಿನ್ನುವವರಿಗಾಗಿ ಮಾಡುವ ಕೆಲಸ. ಮೊಳಕೆ ಬರಿಸುವ ಮುಂಚೆ ಕಾಳಿನ ಮೇಲಿರುವ ಬ್ಯಾಕ್ಟೀರಿಯಾ, ವೈರಸ್‌ಗಳನ್ನು ಆದಷ್ಟು ತೆಗೆಯುವುದು. ಈ ಎರಡನ್ನೂ ಬೆರೆಸಲೇಬೇಡಿ. ಔಷಧಿ, ಬಣ್ಣ ಸವರಿದ ಬಿತ್ತನೆ ಬೀಜ ವಿಷ. ಎಷ್ಟು ತೊಳೆದರೂ ಅದು ಅಡುಗೆಮನೆಗೆ ಬರಬಾರದು.

ಬೀಜಕ್ಕೆ ವೈರಸ್ ಎಲ್ಲಿಂದ ಬರುತ್ತದೆ? ಹೆಚ್ಚಾಗಿ ಮನುಷ್ಯರಿಂದಲೇ. ಚರಂಡಿ ನೀರು ಬೆರೆತ ಹೊಲದ ನೀರು, ತೊಳೆಯದ ಕೈ. ವಾಂತಿ ಭೇದಿ ತರುವ ನೊರೊವೈರಸ್, ಕಾಮಾಲೆ ತರುವ ಹೆಪಟೈಟಿಸ್ ಎ ಹೀಗೆ ಹರಡುತ್ತವೆ. ಬ್ಯಾಕ್ಟೀರಿಯಾಕ್ಕೆ ಮೊಳಕೆಯ ಬೆಚ್ಚನೆ ತೇವ ಹಬ್ಬವಿದ್ದಂತೆ, ರಾತ್ರಿ ಕಳೆಯುವಷ್ಟರಲ್ಲಿ ಕೋಟಿಗಟ್ಟಲೆ ಆಗಿಬಿಡುತ್ತದೆ. 2011ರಲ್ಲಿ ಜರ್ಮನಿಯಲ್ಲಿ ಮೊಳಕೆಯಿಂದ ಹರಡಿದ ಇ. ಕೋಲಿ ಎಂಬ ಬ್ಯಾಕ್ಟೀರಿಯಾ 50ಕ್ಕೂ ಹೆಚ್ಚು ಜನರ ಜೀವ ತೆಗೆದಿತ್ತು. ತನಿಖೆ ಕೊನೆಗೆ ಬೊಟ್ಟು ಮಾಡಿದ್ದು ನಾವು ದಿನಾ ಒಗ್ಗರಣೆಗೆ ಹಾಕುವ ಮೆಂತ್ಯದ ಕಡೆಗೆ. ವೈರಸ್ ಹಾಗೆ ಕಾಳಿನ ಮೇಲೆ ಬೆಳೆಯುವುದಿಲ್ಲ. ಅದಕ್ಕೆ ನಮ್ಮ ದೇಹವೇ ಬೇಕು. ಆದರೆ ಅದು ಕಾಯುತ್ತದೆ. ನೊರೊವೈರಸ್‌ನ ಕೆಲವೇ ಕಣಗಳು ಹೊಟ್ಟೆ ಸೇರಿದರೂ ಸಾಕು, ಮನೆಮಂದಿಯೆಲ್ಲ ಮಲಗುತ್ತಾರೆ.

ಕಷ್ಟ ಇರುವುದು ಇಲ್ಲಿ: ಸೋಂಕು ಸಾಯಬೇಕು, ಬೀಜ ಬದುಕಬೇಕು. ಕುದಿಸಿದರೆ ಎರಡೂ ಹೋಗುತ್ತವೆ, ಅಲ್ವಾ? ಅದಕ್ಕೇ 1999ರಲ್ಲಿ ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಮೊಳಕೆ ತಯಾರಿಸಿ ಮಾರುವವರಿಗೆ 20,000 ಪಿಪಿಎಂ (ಹತ್ತು ಲಕ್ಷಕ್ಕೆ 20,000 ಭಾಗ) ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಎಂಬ ಕ್ಲೋರಿನ್ ರಾಸಾಯನಿಕದ ದ್ರಾವಣವನ್ನು ಉದಾಹರಣೆಯಾಗಿ ಸೂಚಿಸಿತು. ಅಂದರೆ ಲೀಟರ್ ನೀರಿಗೆ ಸುಮಾರು 20 ಗ್ರಾಂ. ನಲ್ಲಿ ನೀರಿನ ಕ್ಲೋರಿನ್ ಇದರ ಮುಂದೆ ಏನೇನೂ ಅಲ್ಲ. ಇನ್ನೊಂದು ದಾರಿ ಬಿಸಿನೀರು: ಹೆಸರುಕಾಳನ್ನು ಕೆಲವೇ ಸೆಕೆಂಡು ಸುಮಾರು 85 ಡಿಗ್ರಿ ನೀರಿನಲ್ಲಿ ಅದ್ದಿ, ತಕ್ಷಣ ತಣ್ಣೀರಿಗೆ ಹಾಕುವುದು. ಯಾವ ದಾರಿ ಹಿಡಿದರೂ ಸೋಂಕು ಕಡಿಮೆಯಾಗುತ್ತದೆ, ಪೂರ್ತಿ ಹೋಗುತ್ತದೆ ಅನ್ನಲಾಗದು. ಸಿಪ್ಪೆಯ ಬಿರುಕು, ಸುಕ್ಕುಗಳ ಒಳಗೆ ಕೂತಿರುವುದನ್ನು ಮುಟ್ಟುವುದು ಕಷ್ಟ.

ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಅಂಥ ಗಟ್ಟಿ ಕ್ಲೋರಿನ್ ಕಣ್ಣು, ಮೂಗು, ಚರ್ಮ ಎಲ್ಲಕ್ಕೂ ಅಪಾಯ. ಮನೆಯಲ್ಲಿ ಮುಖ್ಯ ಕೈ. ಕಾಳು ನೆನೆಸುವ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಸ್ಯಾನಿಟೈಸರ್ ನೊರೊವೈರಸ್‌ಗೆ ಅಷ್ಟಾಗಿ ನಾಟುವುದಿಲ್ಲ. ವಾಂತಿ ಭೇದಿ ಆದವರು, ಅದು ನಿಂತ ಮೇಲೂ 2 ದಿನ ಅಡುಗೆಮನೆಯಿಂದ ದೂರ ಇರಲಿ.

ಇನ್ನು ಹುರುಳಿ ಮೊಳಕೆ ಸಾರು, ಹೆಸರು ಮೊಳಕೆ ಪಲ್ಯ ಮಾಡುವ ಮನೆಗಳಲ್ಲಿ ಚಿಂತೆ ಕಡಿಮೆ. ಕಾಳು ಪೂರ್ತಿ ಬೇಯುತ್ತದೆ. ನನಗೆ ಭಯ ಇರುವುದು ‘ಡಯಟ್’ ಹೆಸರಲ್ಲಿ ತಿನ್ನುವ ಹಸಿ ಮೊಳಕೆ ಬಟ್ಟಲಿನ ಬಗ್ಗೆ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಂತೂ ಅದನ್ನು ಚೆನ್ನಾಗಿ ಹಬೆಯಲ್ಲಿ ಬೇಯಿಸಿ, ಆಮೇಲೆ ನಿಂಬೆಹಣ್ಣು ಹಿಂಡಿ ಕೊಡಿ.