ಸ್ಕೋನಿನೊಳಗಿನ ಹಸಿರು ಉಂಗುರ

ಓವನ್ನಿಂದ ತೆಗೆದ ಸ್ಕೋನನ್ನು, ಅಂದರೆ ಬನ್ನಿನಂಥ ಪುಟ್ಟ ತಿಂಡಿಯನ್ನು, ಆರುವ ಮೊದಲೇ ಮುರಿದೆ. ಒಳಗಿನ ಬ್ಲೂಬೆರಿಗಳೇನೋ ನೇರಳೆಯಾಗಿಯೇ ಇದ್ದವು. ಆದರೆ ಒಂದೊಂದರ ಸುತ್ತಲೂ, ಹಿಟ್ಟಿನ ಭಾಗದಲ್ಲಿ, ಪಾಚಿ ಕಟ್ಟಿದಂಥ ಹಸಿರು ಉಂಗುರ! ಅತ್ತಿಗೆ ಇಣುಕಿ ನೋಡಿ, "ಹಣ್ಣಿಗೆ ಏನೋ ಕೆಮಿಕಲ್ ಹೊಡೆದಿದಾರೆ ಕಣೋ, ಬಿಸಾಕು" ಎಂದರು.

ಕೆಮಿಕಲ್ ಹಾಕಿದ್ದು ನಾನೇ. ಬೇಕಿಂಗ್ ಪೌಡರ್ ಮುಗಿದಿತ್ತು, ಅದೇ ಅಳತೆಗೆ ಅಡುಗೆ ಸೋಡಾ ಸುರಿದಿದ್ದೆ.

‘ಕೆಮಿಕಲ್’ ಎಂದರೆ ವಿಷ ಎನ್ನುವ ಮಾತು ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಬ್ಲೂಬೆರಿಯ ಬಣ್ಣವೇ ಒಂದು ಕೆಮಿಕಲ್, ಆಂಥೋಸಯನಿನ್. ಗ್ರೀಕಿನ ‘ಹೂವು’ ಮತ್ತು ‘ನೀಲಿ’ ಪದಗಳನ್ನು ಬೆಸೆದು 1835ರಲ್ಲಿ ಜರ್ಮನಿಯ ಮಾರ್ಕ್ವಾರ್ಟ್ ಕಟ್ಟಿದ ಹೆಸರು ಅದು. ಹುಳಿಯಲ್ಲಿ ಇದು ಕೆಂಪು, ಹುಳಿ ಕಡಿಮೆಯಾದಂತೆ ನೇರಳೆ, ಅಡುಗೆ ಸೋಡಾದಂಥ ಕ್ಷಾರದಲ್ಲಿ ನೀಲಿ. ಊಸರವಳ್ಳಿ ಎನ್ನೋಣವೆಂದರೆ, ಊಸರವಳ್ಳಿ ತಾನಾಗಿ ಬಣ್ಣ ಬದಲಿಸುತ್ತದೆ. ಈ ಅಣುವಿಗೆ ಆ ಸ್ವಾತಂತ್ರ್ಯವಿಲ್ಲ. ತಂತಿವಾದ್ಯವೆಂದರೆ ಇನ್ನೂ ಹತ್ತಿರ. ಕ್ಷಾರವು ಅಣುವಿನಿಂದ ಹೈಡ್ರೋಜನ್ ಅಯಾನುಗಳನ್ನು ಕಿತ್ತುಕೊಳ್ಳುತ್ತದೆ. ಆಗ ಎಲೆಕ್ಟ್ರಾನುಗಳ ಹರಹು ಬದಲಾಗುತ್ತದೆ, ಬಿರಡೆ ಸಡಿಲಿಸಿದಾಗ ತಂತಿಯ ಸ್ವರ ಇಳಿಯುವ ಹಾಗೆ. ಮೊದಲು ಹಸಿರು ಬೆಳಕನ್ನು ನುಂಗಿ ಕೆಂಪಾಗಿ ಕಾಣುತ್ತಿದ್ದ ಅಣು, ಈಗ ಅದಕ್ಕಿಂತ ಕಡಿಮೆ ಶಕ್ತಿಯ ಕಿತ್ತಳೆ ಬೆಳಕನ್ನು ನುಂಗಿ ನೀಲಿಯಾಗಿ ಕಾಣುತ್ತದೆ.

ನೀಲಿ ಸರಿ, ಹಸಿರು ಎಲ್ಲಿಂದ ಬಂತು? ಗೋಧಿ ಹಿಟ್ಟಿನಲ್ಲಿ ಫ್ಲೇವೋನ್ ಎಂಬ ಇನ್ನೊಂದು ಬಗೆಯ ಅಣುಗಳಿವೆ. ಸುಮ್ಮನಿದ್ದಾಗ ಅವಕ್ಕೆ ಬಣ್ಣವೇ ಇಲ್ಲ, ಕ್ಷಾರ ತಾಗಿದರೆ ಹಳದಿ. ಕ್ಷಾರ ಬೆರೆಸಿದ ನೂಡಲ್ಸ್ ಹಳದಿಯಾಗುವುದೂ ಹೀಗೆಯೇ. ಒಡೆದ ಹಣ್ಣಿನಿಂದ ಒಸರಿದ ರಸದ ನೀಲಿಗೆ ಹಿಟ್ಟಿನ ಹಳದಿ ಕೂಡಿತು, ಅಷ್ಟೆ. ಹಣ್ಣಿನ ಒಡಲು ಹುಳಿಯಾಗಿದ್ದರಿಂದ ಅದು ಮಾತ್ರ ನೇರಳೆಯಾಗಿಯೇ ಉಳಿಯಿತು.

ವಿಜ್ಞಾನಿ ರಾಬರ್ಟ್ ಬಾಯ್ಲ್ 1664ರಲ್ಲೇ ಇದರ ಅಣ್ಣತಮ್ಮನನ್ನು ಕಂಡಿದ್ದ. ಬಿಳಿ ಕಾಗದದ ಮೇಲೆ ವಯೊಲೆಟ್ ಹೂವಿನ ಪಾಕ ತೊಟ್ಟಿಕ್ಕಿಸಿ ಅದರ ಮೇಲೆ ಹುಳಿ ಬಿಟ್ಟ, ಕೆಂಪಾಯಿತು. ಕ್ಷಾರ ಬಿಟ್ಟ, ಹಸಿರಾಯಿತು. ನನ್ನ ಹತ್ತಿರ ನಿಂಬೆಹಣ್ಣಿತ್ತು. ಹಸಿರು ಉಂಗುರದ ಮೇಲೆ ಎರಡು ಹನಿ ಹಿಂಡಿದೆ. ಅತ್ತಿಗೆ ನೋಡನೋಡುತ್ತಿದ್ದಂತೆ ಆ ಜಾಗ ಮಾಸಲು ಗುಲಾಬಿಗೆ ತಿರುಗಿತು. "ಅಯ್ಯೋ, ಇದೇನೋ!" ಎಂದವರೇ ಇನ್ನೊಂದು ಸ್ಕೋನು ಮುರಿದು ತಾವೇ ಹಿಂಡಿದರು.

ತಿನ್ನಲು ಮಾತ್ರ ಆಗಲಿಲ್ಲ, ಸೋಪು ನೆಕ್ಕಿದ ಹಾಗಿತ್ತು. ಹುಳಿಯ ಜೊತೆಯಿಲ್ಲದೆ ಬರೀ ಬಿಸಿಗೆ ಒಡೆಯುವ ಸೋಡಾ, ಹುಳಿಯೊಡನೆ ಕೊಡುವ ಅನಿಲದಲ್ಲಿ ಅರ್ಧವನ್ನಷ್ಟೇ ಕೊಟ್ಟು, ಉಳಿದಂತೆ ವಾಷಿಂಗ್ ಸೋಡಾ ಆಗಿಬಿಡುತ್ತದೆ. ಬೇಕಿಂಗ್ ಪೌಡರಿನಲ್ಲಿ ಹುಳಿ ಮೊದಲೇ ಬೆರೆತಿರುತ್ತದೆ. ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ 1843ರಲ್ಲಿ ಇಂಥ ಪುಡಿ ಮಾಡಿದ್ದು, ಯೀಸ್ಟ್ ಒಗ್ಗದ ಹೆಂಡತಿಗೆ ಬ್ರೆಡ್ ತಿನ್ನಿಸಲು. ವಿಜ್ಞಾನಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗಂತೂ ತೋರುವುದಿಲ್ಲ.

ಸೋಡಾವನ್ನೇ ಹಾಕುವುದಾದರೆ ಅರ್ಧ ಟೀ ಚಮಚಕ್ಕೆ ಒಂದು ಕಪ್ ಹುಳಿ ಮಜ್ಜಿಗೆಯ ಲೆಕ್ಕ ಇಟ್ಟುಕೊಳ್ಳಿ. ಫ್ರೀಜರಿನ ಹಣ್ಣಾದರೆ ಕರಗಲು ಬಿಡದೆ, ಕೊನೆಗೆ ಸೇರಿಸಿ ಎರಡೇ ಸಲ ಮಗುಚಿ. ರಸ ಕಡಿಮೆ ಸೋರುತ್ತದೆ.

ಇಷ್ಟೆಲ್ಲ ಓವನ್ನಿಂದ ಬರುವಾಗಲೇ ಇರುವ ಹಸಿರಿನ ಮಾತು. ಮೂರು ದಿನ ಡಬ್ಬಿಯಲ್ಲಿದ್ದ ಸ್ಕೋನಿನ ಮೇಲೆ ನವಿರಾದ ರೋಮದ ಹಾಗೆ ಹಸಿರು ಎದ್ದಿದ್ದರೆ ಅದು ಬೂಷ್ಟು. ನಿಂಬೆ ಹಿಂಡುತ್ತ ಕೂರಬೇಡಿ, ಅತ್ತಿಗೆ ಹೇಳಿದ ಹಾಗೆ ಬಿಸಾಕಿ.