ವಿಜ್ಞಾನ ಓದುವ ಮಗನಿಗೆ ಮದ್ದಳೆ ಏಕೆ?

ಪ್ರಶ್ನೆ: ನಮ್ಮ ಮಗ ಉಡುಪಿಯಲ್ಲಿ ಪ್ರಥಮ ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೇರಿದ್ದಾನೆ. ಆರನೆಯ ತರಗತಿಯಿಂದಲೂ ಯಕ್ಷಗಾನದ ಮದ್ದಳೆ ಕಲಿಯುತ್ತಿದ್ದಾನೆ. ಕಲೆ ಮತ್ತು ವಿಜ್ಞಾನ ಎರಡನ್ನೂ ಬಲ್ಲವನಿಗೆ ಬುದ್ಧಿ ಚುರುಕಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಎರಡು ದೋಣಿಯಲ್ಲಿ ಕಾಲಿಟ್ಟಂತೆ ಎಂದು ಮತ್ತೆ ಕೆಲವರು ಹೆದರಿಸುತ್ತಾರೆ. ಹಲವು ವಿದ್ಯೆ ಬಲ್ಲವರಾಗುವುದರಿಂದ ನಿಜವಾಗಿ ಏನು ಪ್ರಯೋಜನ?

ಉತ್ತರ: ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಕಾಲೇಜು ಸೇರುವ ದಿನಗಳಲ್ಲಿ ನಮ್ಮ ಕರಾವಳಿಯ ಮನೆಮನೆಯಲ್ಲೂ ಈ ಪ್ರಶ್ನೆ ಏಳುತ್ತದೆ. ಒಬ್ಬರ ಮನೆಯಲ್ಲಿ ಮದ್ದಳೆ, ಇನ್ನೊಬ್ಬರ ಮನೆಯಲ್ಲಿ ಭರತನಾಟ್ಯ ಅಥವಾ ಚಿತ್ರಕಲೆ. ಆತಂಕ ಮಾತ್ರ ಒಂದೇ. ಮೊದಲಿಗೆ, ನಿಮಗೆ ಸಮಾಧಾನ ಹೇಳುವವರು ಸಾಮಾನ್ಯವಾಗಿ ಕೊಡುವ ಕಾರಣವನ್ನೇ ಬದಿಗಿಡುತ್ತೇನೆ. ಮದ್ದಳೆ ಬಾರಿಸಿದರೆ ಗಣಿತದ ಬುದ್ಧಿ ತಾನಾಗಿ ಹರಿತವಾಗುತ್ತದೆ ಎಂಬ ಮಾತಿಗೆ ಗಟ್ಟಿಯಾದ ಆಧಾರವಿಲ್ಲ. 1901ರಷ್ಟು ಹಿಂದೆಯೇ ಅಮೆರಿಕದ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ ಎಂಬ ಮನೋವಿಜ್ಞಾನಿಗಳು ಇದನ್ನು ಪರೀಕ್ಷಿಸಿದ್ದರು. ಆಯತಗಳ ವಿಸ್ತೀರ್ಣವನ್ನು ಕಣ್ಣಳತೆಯಲ್ಲಿ ಅಂದಾಜಿಸುವುದನ್ನು ಜನರಿಗೆ ಚೆನ್ನಾಗಿ ಅಭ್ಯಾಸ ಮಾಡಿಸಿ, ಬಳಿಕ ಬೇರೆ ಆಕಾರ, ಬೇರೆ ಗಾತ್ರದ ಆಕೃತಿಗಳನ್ನು ಮುಂದಿಟ್ಟಾಗ, ಮೊದಲಿನ ಅಭ್ಯಾಸದಿಂದ ಆದ ಸಹಾಯ ನಿರೀಕ್ಷೆಗಿಂತ ಬಹಳ ಕಡಿಮೆಯಿತ್ತು. 1993ರಲ್ಲಿ ಮೊಜಾರ್ಟ್‌ನ ಸಂಗೀತ ಕೇಳಿದ ವಿದ್ಯಾರ್ಥಿಗಳು ಕೆಲವು ಬಗೆಯ ಪ್ರಶ್ನೆಗಳಲ್ಲಿ ಸ್ವಲ್ಪ ಹೊತ್ತು ಮೇಲುಗೈ ತೋರಿದರೆಂಬ ಸಣ್ಣ ವರದಿಯೊಂದು ಜಗತ್ತಿನಾದ್ಯಂತ ಸದ್ದು ಮಾಡಿತು. ಮುಂದೆ ಬೇರೆಯವರು ಅದನ್ನೇ ಪರೀಕ್ಷಿಸಿದಾಗ ಪರಿಣಾಮ ಬಹುಪಾಲು ಕರಗಿಹೋಯಿತು. ವಿಜ್ಞಾನದಲ್ಲಿ ನೊಬೆಲ್ ಪಡೆದವರಲ್ಲಿ ಸಂಗೀತ, ಚಿತ್ರಕಲೆ, ಕುಶಲಕಲೆಗಳ ಹವ್ಯಾಸವುಳ್ಳವರು ಉಳಿದ ವಿಜ್ಞಾನಿಗಳಿಗಿಂತ ಹೆಚ್ಚು ಎಂದು ರಾಬರ್ಟ್ ರೂಟ್-ಬರ್ನ್‌ಸ್ಟೀನ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದ್ದು ನಿಜ. ಆದರೆ ಹವ್ಯಾಸದಿಂದ ಸಾಧನೆ ಬಂತೋ, ಸಾಧನೆಗೆ ಕಾರಣವಾದ ಕುತೂಹಲವೇ ಹವ್ಯಾಸಕ್ಕೂ ಕಾರಣವೋ ಎಂಬುದನ್ನು ಅಂಥ ಎಣಿಕೆ ಹೇಳಲಾರದು. ಆದ್ದರಿಂದ ನೀಟ್ ಅಥವಾ ಸಿಇಟಿಯಲ್ಲಿ ನಾಲ್ಕು ಅಂಕ ಹೆಚ್ಚು ಬರಲೆಂದು ಮದ್ದಳೆ ಮುಂದುವರಿಸುವುದಾದರೆ, ಆ ಹೊತ್ತನ್ನು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲು ಕೊಡುವುದೇ ಲೆಕ್ಕಕ್ಕೆ ಸರಿ.

ಹಾಗಿದ್ದರೆ ಪ್ರಯೋಜನ ಎಲ್ಲಿದೆ? ಉತ್ತರವನ್ನು ನಿಮ್ಮ ಮಗನ ತೊಡೆಯ ಮೇಲಿರುವ ಮದ್ದಳೆಯಿಂದಲೇ ಆರಂಭಿಸಬಹುದು.

ಬಿಗಿದ ತಂತಿಯನ್ನು ಮೀಟಿದರೆ ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವೃತ್ತಿಯ (ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆಯ) ಉಪಸ್ವರಗಳೂ ಹೊರಡುತ್ತವೆ. ಅವು ಪೂರ್ಣಾಂಕಗಳ ಲೆಕ್ಕದಲ್ಲಿ ಇರುವುದರಿಂದಲೇ ಕಿವಿಗೆ ಒಂದೇ ಸ್ವರವಾಗಿ ಇಂಪಾಗಿ ಕೇಳಿಸುತ್ತವೆ. ದುಂಡಗೆ ಬಿಗಿದ ಬರಿಯ ಚರ್ಮಕ್ಕೆ ಈ ಶಿಸ್ತಿಲ್ಲ; ಅದರ ಉಪಸ್ವರಗಳು ಮೂಲ ಸ್ವರದ 1.59, 2.14, 2.30 ಪಟ್ಟು ಎಂದು ಅಡ್ಡಾದಿಡ್ಡಿಯಾಗಿ ಸಾಗುತ್ತವೆ. ಹೆಚ್ಚಿನ ಡೋಲುಗಳಲ್ಲಿ ಸದ್ದು ಇರುತ್ತದೆ, ಶ್ರುತಿ ಇರುವುದಿಲ್ಲ ಎಂಬುದಕ್ಕೆ ಇದೇ ಕಾರಣ. ಆದರೆ ಮೃದಂಗವನ್ನೂ ತಬಲಾವನ್ನೂ ಶ್ರುತಿಗೆ ಹೊಂದಿಸುತ್ತಾರಲ್ಲ, ಅದು ಹೇಗೆ ಎಂಬ ಪ್ರಶ್ನೆ ಸಿ. ವಿ. ರಾಮನ್ ಅವರನ್ನು ಕಾಡಿತು. 1920ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಅವರು ಒಂದು ಪುಟ್ಟ ಟಿಪ್ಪಣಿ ಪ್ರಕಟಿಸಿದರು. 1934ರಲ್ಲಿ ಅದನ್ನೇ ವಿಸ್ತರಿಸಿ ಬರೆದರು. ಚರ್ಮದ ಮೇಲೆ ಸಣ್ಣ ಮರಳನ್ನು ಉದುರಿಸಿ ಬಾರಿಸಿದಾಗ, ಕಂಪಿಸದೆ ನಿಲ್ಲುವ ಗೆರೆಗಳ ಮೇಲೆ ಮರಳು ಒಟ್ಟಾಗುತ್ತದೆ. ಆ ಗೆರೆಗಳ ಚಿತ್ರಗಳಿಂದ ಅವರು ಕಂಡುಕೊಂಡದ್ದೆಂದರೆ, ನಡುವೆ ಮೆತ್ತಿದ ಕರಿಯ ಲೇಪದ ಭಾರವು ಚರ್ಮದ ಮೊದಲ ಒಂಬತ್ತು ಕಂಪನ ಬಗೆಗಳನ್ನು ಐದು ಸ್ವರಗಳಿಗೆ ಒಗ್ಗೂಡಿಸಿ, ಆ ಐದನ್ನೂ ಹೆಚ್ಚುಕಡಿಮೆ 1, 2, 3, 4, 5ರ ಅನುಪಾತಕ್ಕೆ ತಂದು ನಿಲ್ಲಿಸುತ್ತದೆ ಎಂಬುದು. ಯಕ್ಷಗಾನದ ಮದ್ದಳೆ ಇದೇ ಕುಟುಂಬದ ವಾದ್ಯ. ಕೋಲಿನಿಂದ ಬಡಿಯುವ ಚೆಂಡೆಯ ಅಬ್ಬರಕ್ಕೂ, ಭಾಗವತರ ಶ್ರುತಿಗೆ ಒಪ್ಪುವ ಮದ್ದಳೆಯ ನಾದಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಮಗ ಕಿವಿಯಿಂದ ಬಲ್ಲ. ಕಾರಣವನ್ನು ಭೌತಶಾಸ್ತ್ರ ಹೇಳುತ್ತದೆ.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ರಾಮನ್ ಅವರ ಜಾಣ್ಮೆಗಿಂತ ಪ್ರಶ್ನೆ ಹುಟ್ಟಿದ ಜಾಗ. ಕಂಪನದ ಗಣಿತವನ್ನು ಯುರೋಪಿನ ವಿಜ್ಞಾನಿಗಳು ಆಗಲೇ ಸಾಕಷ್ಟು ಕಟ್ಟಿಟ್ಟಿದ್ದರು. ಅವರ ಕಿವಿಗೆ ಬಿದ್ದಿದ್ದ ಡೋಲುಗಳು ಮೃದಂಗದಂಥವಲ್ಲವಾದ್ದರಿಂದ ಅವರಿಗೆ ಈ ಪ್ರಶ್ನೆ ಹೊಳೆಯಲಿಲ್ಲ. ಲೇಪ ಹಾಕುವ ಕುಶಲಿಗಳಿಗೆ ನಾದ ಚೆನ್ನಾಗಿ ಗೊತ್ತಿತ್ತು, ಕಂಪನದ ಗಣಿತ ಗೊತ್ತಿರಲಿಲ್ಲ. ಎರಡೂ ಒಂದೇ ತಲೆಯಲ್ಲಿ ಸಂಧಿಸಿದಾಗ ಪ್ರಶ್ನೆ ಹುಟ್ಟಿತು. ಹಲವು ವಿದ್ಯೆ ಬಲ್ಲವರಾಗುವುದರ ಬೆಲೆ ಇರುವುದು ಇಲ್ಲಿ: ಎರಡನೆಯ ವಿದ್ಯೆ ಮೊದಲನೆಯದನ್ನು ಸಾಣೆ ಹಿಡಿಯುವುದಿಲ್ಲ, ಅದಕ್ಕೆ ಸಿಗದಿದ್ದ ಪ್ರಶ್ನೆಯನ್ನೋ ಹತ್ಯಾರನ್ನೋ ತಂದುಕೊಡುತ್ತದೆ.

ಹತ್ಯಾರು ತಂದುಕೊಟ್ಟದ್ದಕ್ಕೆ ಉದಾಹರಣೆ ಬೇಕಾದರೆ ಕರಾವಳಿಯ ಉದ್ದಕ್ಕೂ ಸ್ವಲ್ಪ ಉತ್ತರಕ್ಕೆ, ಗೋವೆಗೆ ಹೋಗಬೇಕು. ಅಲ್ಲಿ 1907ರಲ್ಲಿ ಹುಟ್ಟಿದ ಡಿ. ಡಿ. ಕೋಸಂಬಿ ವೃತ್ತಿಯಿಂದ ಗಣಿತಜ್ಞರು. ಪ್ರಾಚೀನ ಭಾರತದ ಮುದ್ರೆಯೊತ್ತಿದ ಬೆಳ್ಳಿ ನಾಣ್ಯಗಳಲ್ಲಿ ರಾಜರ ಹೆಸರಿಲ್ಲ, ವರ್ಷವಿಲ್ಲ; ಚಿಹ್ನೆಗಳನ್ನು ನೋಡಿ ಊಹಿಸುವುದಷ್ಟೇ ಇತಿಹಾಸಕಾರರಿಗೆ ಉಳಿದಿದ್ದ ದಾರಿ. ಕೋಸಂಬಿಯವರು ತಕ್ಕಡಿ ಹಿಡಿದರು. ನಾಣ್ಯ ಕೈಯಿಂದ ಕೈಗೆ ದಾಟುತ್ತಾ ಸವೆಯುತ್ತದೆ. ಹೆಚ್ಚು ಕಾಲ ಚಲಾವಣೆಯಲ್ಲಿದ್ದ ನಾಣ್ಯಗಳ ಸರಾಸರಿ ತೂಕ ಇಳಿಯುತ್ತದೆ, ಒಂದಕ್ಕೊಂದರ ತೂಕದ ಅಂತರ ಏರುತ್ತದೆ. ತಮ್ಮ ಕಾಲದ ನಾಣ್ಯಗಳನ್ನೇ ತೂಗಿ ಈ ನಿಯಮವನ್ನು ಖಚಿತಪಡಿಸಿಕೊಂಡು, ಬಳಿಕ ತಕ್ಷಶಿಲೆಯಲ್ಲಿ ಸಿಕ್ಕ ನಿಧಿಯ ನಾಣ್ಯಗಳಿಗೆ ಸಂಖ್ಯಾಶಾಸ್ತ್ರವನ್ನು ಅನ್ವಯಿಸಿ, ಯಾವ ಗುಂಪು ಮೊದಲು, ಯಾವುದು ನಂತರ ಎಂಬುದನ್ನು ಅವರು ತೂಕದಿಂದಲೇ ಓದಿದರು. ಇದೇ ಮನುಷ್ಯ ಭರ್ತೃಹರಿಯ ಶತಕಗಳನ್ನು ಹಸ್ತಪ್ರತಿಗಳಿಂದ ಸಂಪಾದಿಸಿದರು. 1944ರಲ್ಲಿ ವರ್ಣತಂತುವಿನ ಮೇಲೆ ಜೀನುಗಳ ನಡುವಿನ ದೂರವನ್ನು ಅಂದಾಜಿಸುವ ಸೂತ್ರವೊಂದನ್ನು ಕೊಟ್ಟರು, ಅದು ಇಂದಿಗೂ ತಳಿವಿಜ್ಞಾನದಲ್ಲಿ ಅವರ ಹೆಸರಿನಲ್ಲೇ ಬಳಕೆಯಲ್ಲಿದೆ. ಬಹುಶ್ರುತತೆ ತಪ್ಪಿನಿಂದ ಕಾಪಾಡುವುದಿಲ್ಲ ಎಂಬುದಕ್ಕೂ ಅವರೇ ಸಾಕ್ಷಿ. ಕೊನೆಗಾಲದಲ್ಲಿ ರೀಮನ್ ಊಹೆ ಎಂಬ ಪ್ರಸಿದ್ಧ ಸಮಸ್ಯೆಯನ್ನು ಬಿಡಿಸಿದ್ದಾಗಿ ಅವರು ಹೇಳಿಕೊಂಡದ್ದನ್ನು ಗಣಿತಜ್ಞರು ಒಪ್ಪಲಿಲ್ಲ.

ಇಷ್ಟು ಹೊತ್ತಿಗೆ ನೀವು ಕಾರಂತರ ಹೆಸರನ್ನು ನಿರೀಕ್ಷಿಸುತ್ತಿದ್ದೀರಿ. ಉಡುಪಿ ಜಿಲ್ಲೆಯಲ್ಲಿ ಕುಳಿತು ಈ ವಿಷಯ ಬರೆಯುವವನು ಅವರ ಹುಟ್ಟೂರಾದ ಕೋಟದ ದಾರಿ ತಪ್ಪಿಸಲಾರ. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟ ಶಿವರಾಮ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟಗಳ ಬಾಲಪ್ರಪಂಚವನ್ನೂ, ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚವನ್ನೂ ಬರೆದರು. ಯಕ್ಷಗಾನದ ಕುರಿತ ಅವರ ಸಂಶೋಧನ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅವರನ್ನು ನಡೆದಾಡುವ ವಿಶ್ವಕೋಶ ಎಂದು ಹೊಗಳಿ ಕೈಮುಗಿದುಬಿಡುವುದು ನಮ್ಮ ರೂಢಿ. ಆ ಹೊಗಳಿಕೆ ನನಗೆ ಅಷ್ಟಾಗಿ ರುಚಿಸುವುದಿಲ್ಲ. ವಿಶ್ವಕೋಶದಲ್ಲಿ ಅಕಾರಾದಿಯಾಗಿ ಜೋಡಿಸಿದ ವಿಷಯಗಳು ಒಂದನ್ನೊಂದು ಮಾತಾಡಿಸುವುದಿಲ್ಲ, ಕಾರಂತರಲ್ಲಿ ಮಾತಾಡಿಸುತ್ತವೆ. 'ಮೂಕಜ್ಜಿಯ ಕನಸುಗಳು' ಕಾದಂಬರಿಯಲ್ಲಿ ಅಜ್ಜಿಯ ಕೈಗೆ ಒಂದು ಹಳೆಯ ವಸ್ತು ಸಿಕ್ಕರೆ ಅದರ ಕಾಲವೇ ಅವಳ ಕಣ್ಣೆದುರು ತೆರೆದುಕೊಳ್ಳುತ್ತದೆ. ದೇವರುಗಳು ಹೇಗೆ ಬಂದರು, ಹೇಗೆ ಬದಲಾದರು ಎಂಬ ಮಾನವಶಾಸ್ತ್ರದ ಪ್ರಶ್ನೆಯನ್ನು ಅವರು ಪ್ರಬಂಧವಾಗಿಸದೆ ಹಳ್ಳಿಯ ಮುದುಕಿಯೊಬ್ಬಳ ಬಾಯಲ್ಲಿ ಇಟ್ಟರು. ಶಿಲ್ಪ, ಪುರಾತತ್ತ್ವಗಳ ಹುಚ್ಚು ಇಲ್ಲದ ಕಾದಂಬರಿಕಾರನಿಗೆ ಆ ಅಜ್ಜಿ ಸಿಗುತ್ತಿರಲಿಲ್ಲ. ಯಕ್ಷಗಾನದ ವಿಷಯದಲ್ಲಿ ಅವರ ಎಲ್ಲ ಪ್ರಯೋಗಗಳನ್ನೂ ಎಲ್ಲರೂ ಒಪ್ಪಿದವರಲ್ಲ. ಮಾತನ್ನು ಕೈಬಿಟ್ಟು, ಪಿಟೀಲು ಮತ್ತು ಸ್ಯಾಕ್ಸೊಫೋನ್ ಸೇರಿಸಿದ ಅವರ ನೃತ್ಯರೂಪಕವನ್ನು ಅರ್ಥಗಾರಿಕೆಯ ಅಭಿಮಾನಿಗಳು ಯಕ್ಷಗಾನವೆಂದು ಒಪ್ಪಿಕೊಳ್ಳುವುದು ಕಷ್ಟವೇ. ಹೊರಗಿನ ಹತ್ಯಾರು ಎಲ್ಲ ಕಡೆಯೂ ಹೊಂದುವುದಿಲ್ಲ.

ಹೊಂದಿದ ಇನ್ನೊಂದು ಉದಾಹರಣೆ ಇನ್ನೂ ಹತ್ತಿರದ್ದು. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಕಂಪ್ಯೂಟರಿಗೆ ಕನ್ನಡದ ಕೀಲಿಮಣೆ ವಿನ್ಯಾಸ ರೂಪಿಸಿದರು. ಬೆರಳಚ್ಚು ಯಂತ್ರದ ಕಾಲದಲ್ಲಿ ಅಕ್ಷರದ ಆಕಾರವನ್ನು ತುಂಡು ಮಾಡಿ ಕೀಲಿಗಳಿಗೆ ಹಂಚುತ್ತಿದ್ದರು: ತಲೆಕಟ್ಟಿಗೊಂದು, ಕೊಂಬಿಗೊಂದು, ಒತ್ತಿಗೊಂದು. ರಾವ್ ಅವರ ವಿನ್ಯಾಸದಲ್ಲಿ ಬೆರಳು ಒತ್ತುವುದು ಉಚ್ಚಾರದ ಕ್ರಮವನ್ನು. ವ್ಯಂಜನ, ಜೋಡಿಸುವ ಒಂದು ಕೀಲಿ, ಮತ್ತೊಂದು ವ್ಯಂಜನ ಎಂದು ಒತ್ತಿದರೆ ಒತ್ತಕ್ಷರದ ಆಕಾರವನ್ನು ಕಟ್ಟುವ ಕೆಲಸ ಯಂತ್ರದ್ದು. ಹೀಗಾಗಿ ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರು ಅಕ್ಷರಗಳೇ ಕನ್ನಡಕ್ಕೆ ಸಾಕಾದವು. ಪ್ರೋಗ್ರಾಮಿಂಗ್ ಮಾತ್ರ ಬಲ್ಲವರು ಬೆರಳಚ್ಚು ಯಂತ್ರವನ್ನೇ ಪರದೆಗೆ ಇಳಿಸುತ್ತಿದ್ದರೇನೋ. ಕನ್ನಡ ಬರವಣಿಗೆಯ ಅಡಿಯಲ್ಲಿರುವುದು ಧ್ವನಿಯ ವ್ಯಾಕರಣ ಎಂಬುದನ್ನು ಕಾಣಲು ಲಿಪಿಯನ್ನೂ ಭಾಷೆಯನ್ನೂ ಪ್ರೀತಿಯಿಂದ ಓದಿರಬೇಕು. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು 'ಸೇಡಿಯಾಪು'; ನಮ್ಮ ಜಿಲ್ಲೆಗಳ ಛಂದಸ್ಸು, ವ್ಯಾಕರಣಗಳ ಹಿರಿಯ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪು ಅದರಲ್ಲಿದೆ.

ಛಂದಸ್ಸಿನ ಮಾತು ಬಂದದ್ದರಿಂದ, ನಿಮ್ಮ ಮಗ ಈ ವರ್ಷವೇ ಮಾಡಿ ನೋಡಬಹುದಾದ ಒಂದು ಲೆಕ್ಕವನ್ನು ಹೇಳುತ್ತೇನೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಎರಡು ಮಾತ್ರೆಗಳನ್ನು ತುಂಬಲು ಎರಡು ದಾರಿ, ಮೂರನ್ನು ತುಂಬಲು ಮೂರು ದಾರಿ, ನಾಲ್ಕಕ್ಕೆ ಐದು, ಐದಕ್ಕೆ ಎಂಟು. ಪ್ರತಿ ಸಂಖ್ಯೆಯೂ ಅದರ ಹಿಂದಿನ ಎರಡರ ಮೊತ್ತ, ಏಕೆಂದರೆ ಸಾಲು ಲಘುವಿನಲ್ಲಿ ಮುಗಿಯುತ್ತದೆ, ಇಲ್ಲವೆ ಗುರುವಿನಲ್ಲಿ ಮುಗಿಯುತ್ತದೆ. ಪಾಠಪುಸ್ತಕಗಳು ಇದನ್ನು ಇಟಲಿಯ ಫಿಬೊನಾಚ್ಚಿಯ ಹೆಸರಿನಲ್ಲಿ ಕರೆಯುತ್ತವೆ. ಅವನ ಗ್ರಂಥ ಬಂದದ್ದು 1202ರಲ್ಲಿ, ಅದಕ್ಕಿಂತ ಮೊದಲೇ ವಿರಹಾಂಕ, ಹೇಮಚಂದ್ರ ಮುಂತಾದ ಛಂದಶ್ಶಾಸ್ತ್ರಜ್ಞರು ಪದ್ಯದ ಮಾತ್ರೆಗಳನ್ನು ಎಣಿಸುತ್ತಾ ಇದೇ ಸರಣಿಯನ್ನು ತಲುಪಿದ್ದರು. ಇನ್ನು ಭಾಗವತರು ಹಾಡುವ ಭಾಮಿನಿ ಷಟ್ಪದಿಯನ್ನು ತೆಗೆದುಕೊಳ್ಳಿ. ಅಲ್ಲಿ ಮೂರು, ನಾಲ್ಕು ಮಾತ್ರೆಯ ಗಣಗಳು ಒಂದರ ಹಿಂದೊಂದು ಬರುತ್ತವೆ, ಆದರೆ ಲಘುವಿನ ಬೆನ್ನಿಗೆ ಗುರು ಬಂದು ಗಣ ಆರಂಭವಾಗಬಾರದೆಂಬ ಕಟ್ಟಳೆಯಿದೆ. ಆಗ ಮೂರು ಮಾತ್ರೆಯ ಮೂರರಲ್ಲಿ ಎರಡು ಉಳಿಯುತ್ತವೆ, ನಾಲ್ಕು ಮಾತ್ರೆಯ ಐದರಲ್ಲಿ ನಾಲ್ಕು. ಹಾಗಾದರೆ ಭಾಮಿನಿಯ ಮೊದಲ ಸಾಲಿನ 3, 4, 3, 4 ಮಾತ್ರೆಗಳನ್ನು ಎಷ್ಟು ಬಗೆಯಲ್ಲಿ ತುಂಬಬಹುದು? ಎರಡು ನಾಲ್ಕಲಿ ಎಂಟು, ಎಂಟೆಂಟಲಿ ಅರುವತ್ತನಾಲ್ಕು. ಪಿಯುಸಿ ಗಣಿತದ ಕ್ರಮಯೋಜನೆ ಮತ್ತು ವಿಕಲ್ಪಗಳ ಪಾಠಕ್ಕೆ ಇದಕ್ಕಿಂತ ರುಚಿಯಾದ ಉದಾಹರಣೆಯನ್ನು ನಾನು ಕಂಡಿಲ್ಲ.

ಈಗ ಎರಡು ದೋಣಿಯ ಹೆದರಿಕೆಯ ವಿಷಯ. ಅದು ಪೂರ್ತಿ ಸುಳ್ಳಲ್ಲ. ಮೇಲೆ ಹೇಳಿದವರಲ್ಲಿ ಒಬ್ಬೊಬ್ಬರಿಗೂ ಕಾಲೂರಿ ನಿಲ್ಲಲು ಒಂದು ಗಟ್ಟಿ ನೆಲವಿತ್ತು: ರಾಮನ್ ಅವರಿಗೆ ಭೌತಶಾಸ್ತ್ರ, ಕೋಸಂಬಿಯವರಿಗೆ ಗಣಿತ, ಕಾರಂತರಿಗೆ ಬರವಣಿಗೆ. ಅಲ್ಲಿಂದ ಅವರು ಬೇರೆ ಕಡೆಗೆ ಕೈಚಾಚಿದರು, ಚಾಚಿದ ಕಡೆಯೂ ಪಳಗಿದವರು ಪರೀಕ್ಷಿಸಬಹುದಾದ ಕೆಲಸವನ್ನು ಮಾಡಿ ಮುಗಿಸಿದರು. ಹತ್ತು ತರಗತಿಗಳಿಗೆ ಸೇರಿ ಹತ್ತರಲ್ಲೂ ಮೊದಲ ಪಾಠಕ್ಕೇ ನಿಂತ ಮಗುವನ್ನು, ಗೋಡೆಯ ತುಂಬ ಪ್ರಮಾಣಪತ್ರಗಳಿದ್ದರೂ, ಈ ಸಾಲಿಗೆ ಸೇರಿಸಲಾಗದು. ಬೇಸಗೆ ಶಿಬಿರಗಳ ಜಾಹೀರಾತು ಹೇಳುವ ಸರ್ವಾಂಗೀಣ ವಿಕಾಸದ ಬಗ್ಗೆ ನನಗಿರುವ ಅನುಮಾನ ಇದೇ.

ನಿಮ್ಮ ಮಗನಿಗೆ ಐದು ವರ್ಷಗಳ ಮದ್ದಳೆ ಈಗಾಗಲೇ ಕೈಯಲ್ಲಿದೆ. ಅದು ಮೊದಲ ಪಾಠದ ಹಂತವನ್ನು ದಾಟಿದ ವಿದ್ಯೆ, ಅರ್ಧಕ್ಕೆ ಬಿಟ್ಟರೆ ಮತ್ತೆ ಅಲ್ಲಿಗೆ ಬರುವುದು ಸುಲಭವಲ್ಲ. ಎರಡು ವರ್ಷ ಇಡೀ ರಾತ್ರಿಯ ಆಟಕ್ಕೆ ಹೋಗದಿರಲಿ. ಪರೀಕ್ಷೆಗೆ ಮೊದಲಿನ ಎರಡು ತಿಂಗಳು ಮದ್ದಳೆ ಚೀಲದಲ್ಲೇ ಇರಲಿ. ಉಳಿದ ದಿನಗಳಲ್ಲಿ ವಾರಕ್ಕೊಂದು ಪಾಠ, ದಿನಕ್ಕೆ ಇಪ್ಪತ್ತು ನಿಮಿಷದ ಕೈಸಾಧನೆ ನಡೆದರೆ ಸಾಕು. ಅವನಿಗೇ ಮದ್ದಳೆಯಲ್ಲಿ ಆಸಕ್ತಿ ಕುಂದಿದ್ದರೆ ಮಾತ್ರ, ಬಹುಮುಖ ಪ್ರತಿಭೆಯ ಹೆಸರು ಹೇಳಿ ಒತ್ತಾಯಿಸಬೇಡಿ. ಬೇಡದ ವಿದ್ಯೆಯಲ್ಲಿ ಪ್ರಶ್ನೆ ಹುಟ್ಟುವುದಿಲ್ಲ.

ದಸರಾ ರಜೆಯಲ್ಲಿ ರಾಮನ್ ಅವರ ಮರಳಿನ ಪ್ರಯೋಗವನ್ನು ಅವನು ಮಾಡಿ ನೋಡಬಹುದು. ಒಣಗಿದ, ಜರಡಿ ಹಿಡಿದ ಸಣ್ಣ ಮರಳು ಬೇಕು. ನಮ್ಮ ಮಲ್ಪೆಯ ಕಡಲ ಮರಳಾದರೆ ಉಪ್ಪು ಹೋಗುವಂತೆ ಚೆನ್ನಾಗಿ ತೊಳೆದು ಒಣಗಿಸಬೇಕು, ಇಲ್ಲದಿದ್ದರೆ ಚರ್ಮ ಪಸೆ ಹಿಡಿಯುತ್ತದೆ. ಒಂದು ಬೆರಳನ್ನು ಅಂಚಿನ ಬಳಿ ಹಗುರಾಗಿ ಇಟ್ಟು ಇನ್ನೊಂದು ಕಡೆ ಬಾರಿಸಿದರೆ ಗೆರೆಗಳು ಮೂಡುತ್ತವೆ, ಬೆರಳಿನ ಜಾಗ ಬದಲಿಸಿದರೆ ಗೆರೆಯೂ ಬದಲಾಗುತ್ತದೆ. ಆದರೆ ಅದಕ್ಕೆ ಮೊದಲು ಗುರುಗಳ ಅಪ್ಪಣೆ ಕೇಳಲಿ, ಸಾಧ್ಯವಾದರೆ ಬದಿಗಿಟ್ಟ ಹಳೆಯ ಮದ್ದಳೆಯೊಂದನ್ನೇ ಕೇಳಿ ಪಡೆಯಲಿ. ಗೆಜ್ಜೆ ಕಟ್ಟುವ ಮೊದಲು ನಮಸ್ಕರಿಸುವವರ ಊರಿನಲ್ಲಿ, ವಾದ್ಯದ ಮೇಲೆ ಮರಳು ಸುರಿಯುವ ಮುನ್ನ ಒಂದು ಮಾತು ಹೇಳುವುದು ಒಳ್ಳೆಯದು.